ಬೋಧನಾಭ್ಯಾಸ: ಹಿಂದಿನ ಬೆಂಚಿನಲ್ಲಿ ಒಬ್ಬರು ಕೂತಿರುವ ಪಾಠ

ಶಿಕ್ಷಕರಾಗಲು ಕಲಿಯುತ್ತಿರುವವರು ನಿಜವಾದ ಶಾಲೆಯಲ್ಲಿ, ನಿಜವಾದ ಮಕ್ಕಳಿಗೆ, ಅನುಭವಿಯೊಬ್ಬರ ಕಣ್ಣೆದುರು ಪಾಠ ಮಾಡಿ, ಆಮೇಲೆ ಅವರೊಂದಿಗೆ ಕೂತು ಆ ಪಾಠವನ್ನು ಬಿಡಿಸಿ ನೋಡುವುದಕ್ಕೆ ಬೋಧನಾಭ್ಯಾಸ ಎಂದು ಹೆಸರು. ಪ್ರಶಿಕ್ಷಣಾರ್ಥಿಗಳ ಬಾಯಲ್ಲಿ ಅದು ‘ಪಾಠ ಕೊಡುವುದು’, ಇಲ್ಲವೇ ‘ಟೀಚಿಂಗ್ ಪ್ರಾಕ್ಟೀಸ್’. ಹಿಂದೆ ಕೂತವರಿಗೆ ಅದೇ ‘ಪಾಠ ನೋಡುವುದು’. ಕೊಡುವುದು, ನೋಡುವುದು ಎರಡೂ ಸೇರಿದರೇ ಪದದ ಅರ್ಥ ಪೂರ್ತಿಯಾಗುವುದು. ಯಾರೂ ನೋಡದ 20 ಪಾಠ ಕೊಟ್ಟವರು ಎಷ್ಟೋ ಸಲ ಒಂದೇ ತಪ್ಪನ್ನು 20 ಸಲ ಮಾಡಿ, ಅದನ್ನೇ ಕೈಗೆ ಕೂರಿಸಿಕೊಂಡಿರುತ್ತಾರೆ.

ಇದರ ಜೊತೆ ಕಲಸಿಹೋಗುವ ಎರಡು ಪದಗಳಿವೆ. ಸೂಕ್ಷ್ಮ ಬೋಧನೆ ಎಂಬುದು 1960ರ ದಶಕದಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಡ್ವೈಟ್ ಆಲನ್ ಮತ್ತು ಸಂಗಡಿಗರು ರೂಪಿಸಿದ ತಾಲೀಮು. ಕಲಿಯುವವರು ನಾಲ್ಕೈದರಿಂದ ಹತ್ತು ಜನ, ಅವಧಿ ಐದಾರು ನಿಮಿಷ, ಅಭ್ಯಾಸಕ್ಕೆ ಒಂದೇ ಕೌಶಲ. ಭಾರತದಲ್ಲಿ ರೂಢಿಗೆ ಬಂದ ಚಕ್ರ 36 ನಿಮಿಷದ್ದು: 6 ನಿಮಿಷ ಪಾಠ, 6 ನಿಮಿಷ ಹಿಮ್ಮಾಹಿತಿ (ಫೀಡ್‌ಬ್ಯಾಕ್), 12 ನಿಮಿಷ ಮರುಯೋಜನೆ, 6 ನಿಮಿಷ ಮರುಪಾಠ, 6 ನಿಮಿಷ ಮತ್ತೆ ಹಿಮ್ಮಾಹಿತಿ. ಅಲ್ಲಿ ಮಕ್ಕಳ ಜಾಗದಲ್ಲಿ ಸಾಮಾನ್ಯವಾಗಿ ಸಹಪಾಠಿಗಳೇ ಕೂತಿರುತ್ತಾರೆ; ಉತ್ತರ ಗೊತ್ತಿದ್ದೂ ಗೊತ್ತಿಲ್ಲದವರಂತೆ ನಟಿಸುತ್ತಾರೆ. ಇಂಟರ್ನ್‌ಶಿಪ್ ಇದರ ಇನ್ನೊಂದು ತುದಿ. ಹಾಜರಿ, ಪರೀಕ್ಷೆ, ಪೋಷಕರ ಸಭೆ ಎಲ್ಲ ಸೇರಿದ ಶಾಲೆಯ ಒಟ್ಟು ಬದುಕು. ಬೋಧನಾಭ್ಯಾಸ ಇವೆರಡರ ನಡುವಿನದು, ಅದರ ಗಮನವೆಲ್ಲ ತರಗತಿಯ ಆ ಒಂದು ಅವಧಿಯ ಮೇಲೆ.

ಅದರಲ್ಲಿ ದೊಡ್ಡವರು ಮೂವರು: ಪಾಠ ಮಾಡುವ ಪ್ರಶಿಕ್ಷಣಾರ್ಥಿ, ಆ ತರಗತಿಯ ಖಾಯಂ ಶಿಕ್ಷಕರು, ತರಬೇತಿ ಸಂಸ್ಥೆಯಿಂದ ಬರುವ ಮೇಲ್ವಿಚಾರಕರು. ಖಾಯಂ ಶಿಕ್ಷಕರಿಗೆ ಮಕ್ಕಳು ಗೊತ್ತು, ಮೇಲ್ವಿಚಾರಕರಿಗೆ ಬೋಧನಾ ವಿಧಾನ ಗೊತ್ತು. ಈ ಇಬ್ಬರೂ ಮೊದಲೇ ಮಾತಾಡಿಕೊಳ್ಳದಿದ್ದರೆ ಪೆಟ್ಟು ಬೀಳುವುದು ಪ್ರಶಿಕ್ಷಣಾರ್ಥಿಗೆ. ‘ಪುಸ್ತಕ ಓದಿಸಿ ಬರೆಸಿ’ ಎಂದು ಒಬ್ಬರು, ‘ಚಟುವಟಿಕೆ ಎಲ್ಲಿ?’ ಎಂದು ಇನ್ನೊಬ್ಬರು.

ಮೊದಲ ದಿನವೇ ಪೂರ್ತಿ ಅವಧಿ ಕೈಗೆ ಕೊಡುವುದು ಸರಿಯಲ್ಲ. ಕೆಲವು ದಿನ ಬರೀ ನೋಡಬೇಕು. ಮಕ್ಕಳ ಹೆಸರು, ಅವರು ಯಾವ ಪುಟದವರೆಗೆ ಬಂದಿದ್ದಾರೆ, ಯಾರು ಬಾಯಿ ಬಿಡುವುದೇ ಇಲ್ಲ, ಇವೆಲ್ಲ ಆಗ ತಿಳಿಯುತ್ತವೆ. ಆಮೇಲೆ ಹತ್ತು ನಿಮಿಷದ ಒಂದು ತುಂಡು, ಬಳಿಕ ಪೂರ್ತಿ ಅವಧಿ, ಕೊನೆಗೆ ಒಂದು ಘಟಕವನ್ನು ಸತತವಾಗಿ. ಈ ಕೊನೆಯ ಹಂತವನ್ನು ಸಮಯ ಸಾಲದೆಂದು ಹಾರಿಸುವುದುಂಟು, ನಷ್ಟ ಹೆಚ್ಚಾಗುವುದೂ ಅಲ್ಲೇ. ಬಿಡಿ ಪಾಠ ಕೊಟ್ಟವರು ಗಂಟೆ ಹೊಡೆದಾಗ ಎದ್ದು ಹೋಗುತ್ತಾರೆ. ಸತತವಾಗಿ ಕೊಟ್ಟವರು ನಿನ್ನೆ ತಾವೇ ಅರೆಬರೆ ಬಿಟ್ಟದ್ದನ್ನು ಇಂದು ಮಕ್ಕಳ ನೋಟ್‌ಬುಕ್ಕಿನಲ್ಲಿ ನೋಡುತ್ತಾರೆ.

ಪಾಠಯೋಜನೆಗೆ ಹಳೆಯ ವಂಶಾವಳಿಯಿದೆ. ಜರ್ಮನಿಯ ಶಿಕ್ಷಣ ಚಿಂತಕ ಹರ್ಬರ್ಟ್ ಪಾಠಕ್ಕೆ ನಾಲ್ಕು ಹಂತ ಹೇಳಿದ್ದರು. ಅವರ ಅನುಯಾಯಿಗಳು ಅದನ್ನು ಪೂರ್ವಸಿದ್ಧತೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ ಎಂಬ ಐದಾಗಿ ಕಟ್ಟಿದರು. ಇಂದಿನ ನಮೂನೆಗಳಲ್ಲಿರುವ ಪೀಠಿಕೆ, ಉದ್ದೇಶ ಕಥನ, ವಿಷಯ ವಿಶ್ಲೇಷಣೆ, ಪುನರಾವರ್ತನೆ, ಗೃಹಪಾಠಗಳಲ್ಲಿ ಅದರ ಛಾಯೆ ಕಾಣುತ್ತದೆ. ನಮೂನೆ ತುಂಬಿದರೆ ಯೋಜನೆ ಆಯಿತೆಂದಲ್ಲ. ‘ಮಕ್ಕಳು ಭಿನ್ನರಾಶಿಯನ್ನು ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ಗಂಟೆ ಹೊಡೆದಾಗ ಅದು ಆಯಿತೋ ಇಲ್ಲವೋ ಯಾರೂ ಹೇಳಲಾರರು. ‘ಅಂಶ (ಮೇಲಿನ ಸಂಖ್ಯೆ) 1 ಇರುವ ಎರಡು ಭಿನ್ನರಾಶಿಗಳಲ್ಲಿ ದೊಡ್ಡದನ್ನು ಗುರುತಿಸಿ, ಕಾರಣ ಹೇಳುವರು’ ಎಂದರೆ ಹೇಳಬಹುದು. ಯೋಜನೆಯಲ್ಲಿ ಇರಲೇಬೇಕಾದ, ಆದರೆ ಅಪರೂಪಕ್ಕೆ ಕಾಣುವ ಇನ್ನೊಂದು ಸಂಗತಿಯೆಂದರೆ ಮುಖ್ಯ ಪ್ರಶ್ನೆಗಳ ಪಕ್ಕದಲ್ಲಿ ಮಕ್ಕಳು ಕೊಡಬಹುದಾದ ತಪ್ಪು ಉತ್ತರ.

ಪೀಠಿಕೆಯ ಬಗ್ಗೆ ಒಂದು ಮಾತು. 40 ನಿಮಿಷದ ಅವಧಿಯಲ್ಲಿ ಅದಕ್ಕೆ ಐದು ನಿಮಿಷ ಸಾಕು. ಆದರೆ ಪಾಠದ ಹೆಸರನ್ನು ಮಕ್ಕಳ ಬಾಯಿಂದಲೇ ಹೊರಡಿಸಬೇಕೆಂಬ ಹಟದಲ್ಲಿ ಅದು ಒಗಟು ಬಿಡಿಸುವ ಆಟವಾಗಿ ಹನ್ನೆರಡು ನಿಮಿಷ ತಿನ್ನುತ್ತದೆ. ಅಷ್ಟು ಸಮಯ ಕಡಿತವಾಗುವುದು ಕೊನೆಯ ಮೌಲ್ಯಮಾಪನದಿಂದ, ಅಂದರೆ ಕಲಿತರೋ ಇಲ್ಲವೋ ಎಂದು ತಿಳಿಯುವ ಏಕೈಕ ಜಾಗದಿಂದ.

ನೋಡುವವರ ಕೆಲಸಕ್ಕೂ ಕ್ರಮವಿದೆ. 1950ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಮಾರಿಸ್ ಕೋಗನ್ ಮತ್ತು ಸಹೋದ್ಯೋಗಿಗಳು ಬೆಳೆಸಿದ ‘ಕ್ಲಿನಿಕಲ್ ಮೇಲ್ವಿಚಾರಣೆ’ಯನ್ನು ರಾಬರ್ಟ್ ಗೋಲ್ಡ್‌ಹ್ಯಾಮರ್ 1969ರಲ್ಲಿ ಐದು ಹಂತಗಳಲ್ಲಿ ವಿವರಿಸಿದರು: ಪಾಠಕ್ಕೆ ಮುಂಚಿನ ಮಾತುಕತೆ, ವೀಕ್ಷಣೆ, ಟಿಪ್ಪಣಿಯ ವಿಶ್ಲೇಷಣೆ, ಪಾಠದ ನಂತರದ ಚರ್ಚೆ, ಕೊನೆಗೆ ಆ ಚರ್ಚೆಯನ್ನೇ ಮೇಲ್ವಿಚಾರಕರು ತಿರುಗಿ ನೋಡಿಕೊಳ್ಳುವುದು. ಮೊದಲ ಹಂತ ಹತ್ತು ನಿಮಿಷದ್ದು: ಇಂದು ಯಾವುದನ್ನು ಗಮನಿಸಬೇಕು ಎಂದು ಇಬ್ಬರೂ ಒಪ್ಪಿಕೊಳ್ಳುವುದು. ಇದನ್ನು ಬಿಟ್ಟರೆ ಕಣ್ಣಿಗೆ ಮೊದಲು ಬೀಳುವುದು ಕಪ್ಪುಹಲಗೆಯ ಅಕ್ಷರವೂ ಧ್ವನಿಯೂ ಮಾತ್ರ. ‘ಪಾಠ ಚೆನ್ನಾಗಿತ್ತು, ಕಪ್ಪುಹಲಗೆ ಬಳಕೆ ಸುಧಾರಿಸಲಿ, ಧ್ವನಿಯಲ್ಲಿ ಏರಿಳಿತವಿರಲಿ’ ಎಂಬ ಷರಾ ಯಾವ ವಿಷಯದ ಯಾವ ಪಾಠಕ್ಕೂ ಒಪ್ಪುತ್ತದೆ. ಹಾಗಾಗಿಯೇ ಯಾವ ಪಾಠಕ್ಕೂ ಉಪಯೋಗವಿಲ್ಲ.

ಒಳ್ಳೆಯ ವೀಕ್ಷಣಾ ಟಿಪ್ಪಣಿಯಲ್ಲಿ ವಿಶೇಷಣಗಳು ಇರುವುದಿಲ್ಲ. ಸಮಯ, ಆಡಿದ ಮಾತು, ಕಂಡ ಕೆಲಸ ಇರುತ್ತವೆ. ಒಂದು ಮಾದರಿ:

11.07 – ‘1/3, 1/4. ಯಾವುದು ದೊಡ್ಡದು?’ ಮೂರು ಕೈ ಮೇಲೆ. ಒಂದು ಸೆಕೆಂಡು. ನಡು ಸಾಲಿನ ಹುಡುಗ: ‘1/4’. ‘ಅಲ್ಲ. ಬೇರೆ ಯಾರು ಹೇಳ್ತೀರಿ?’ ಮೊದಲ ಬೆಂಚಿನ ಹುಡುಗಿ: ‘1/3’. ‘ವೆರಿ ಗುಡ್.’ ಮುಂದಿನ ಲೆಕ್ಕ.

ಇಡೀ ಪಾಠದ ಗಂಟು ಈ ಹತ್ತು ಸೆಕೆಂಡಿನಲ್ಲಿದೆ. 4 ಎಂಬುದು 3ಕ್ಕಿಂತ ದೊಡ್ಡದು, ಹಾಗಾದರೆ 1/4 ದೊಡ್ಡದು ಎಂದುಕೊಂಡ ಹುಡುಗ ಹಾಗೇ ಉಳಿದ. ಹುಡುಗಿಯ ಉತ್ತರ ಸರಿ, ಆದರೆ ಎರಡೇ ಆಯ್ಕೆಯಲ್ಲಿ ಒಂದು ತಪ್ಪೆಂದ ಮೇಲೆ ಉಳಿದದ್ದನ್ನು ಯಾರು ಬೇಕಾದರೂ ಹೇಳಬಹುದು. ಪ್ರಶಿಕ್ಷಣಾರ್ಥಿಯ ನೆನಪಿನಲ್ಲಿ ಮಾತ್ರ ಇದು ‘ಉತ್ತರ ಬಂತು’ ಎಂದೇ ದಾಖಲಾಗಿರುತ್ತದೆ. ಪಾಠ ಮಾಡುವಾಗ ಮುಂದಿನ ಹೆಜ್ಜೆಯ ಚಿಂತೆಯಲ್ಲಿರುವವರಿಗೆ ಇದು ಕೇಳಿಸದು. ಹಿಂದೆ ಕೂತವರು ಬೇಕಾಗುವುದೇ ಇದಕ್ಕೆ.

ಆ ಒಂದು ಸೆಕೆಂಡೂ ಗಮನಿಸುವಂಥದ್ದು. ಪ್ರಶ್ನೆ ಕೇಳಿ ಶಿಕ್ಷಕರು ಕಾಯುವುದು ಸರಾಸರಿ ಒಂದು ಸೆಕೆಂಡಿನಷ್ಟು ಎಂದು ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಅದನ್ನು ಮೂರು ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಬಾರದ ಸಂದರ್ಭಗಳು ಕಡಿಮೆಯಾದವು. ಕಾಯುವ ಜಾಗ ಎರಡು: ಪ್ರಶ್ನೆಯ ನಂತರ ಒಂದು, ಮಗುವಿನ ಉತ್ತರದ ನಂತರ ಇನ್ನೊಂದು. ಎರಡನೆಯದನ್ನು ‘ವೆರಿ ಗುಡ್’ ನುಂಗಿಬಿಡುತ್ತದೆ.

ತರಗತಿಯ ಮಾತನ್ನು ಎಣಿಸಲು ಅಮೆರಿಕದ ನೆಡ್ ಫ್ಲಾಂಡರ್ಸ್ ರೂಪಿಸಿದ ಪದ್ಧತಿಯಿದೆ. ಮೂರು ಸೆಕೆಂಡಿಗೊಮ್ಮೆ ಹತ್ತು ವರ್ಗಗಳಲ್ಲಿ ಒಂದರ ಸಂಖ್ಯೆ ಬರೆಯುತ್ತ ಹೋಗುವುದು. ಏಳು ವರ್ಗ ಶಿಕ್ಷಕರ ಮಾತಿಗೆ, ಎರಡು ಮಕ್ಕಳ ಮಾತಿಗೆ, ಒಂದು ಮೌನ ಅಥವಾ ಗೊಂದಲಕ್ಕೆ. ತರಬೇತಿಯಿಲ್ಲದೆ ಕೈ ಓಡದು. ಅದಕ್ಕಿಂತ ಸುಲಭದ್ದು ಆಸನ ನಕ್ಷೆ: ಕೂತಿರುವ ಕ್ರಮದಲ್ಲೇ ಚೌಕ ಬರೆದು, ಉತ್ತರಿಸಿದ ಮಗುವಿನ ಚೌಕದಲ್ಲಿ ಒಂದು ಗೆರೆ. ಪಾಠ ಮುಗಿದಾಗ ಹಿಂದಿನ ಮೂಲೆಗಳು ಖಾಲಿ ಇದ್ದರೆ ಬೇರೆ ಟೀಕೆ ಬೇಡ, ನಕ್ಷೆ ಕೈಗಿಟ್ಟರೆ ಸಾಕು. ಸಹಪಾಠಿಗಳು ನೋಡಲು ಕೂತಿದ್ದರೆ ಒಬ್ಬೊಬ್ಬರಿಗೆ ಒಂದೊಂದೇ ಕೆಲಸ ಹಂಚಬೇಕು. ಎಲ್ಲರೂ ಎಲ್ಲವನ್ನೂ ನೋಡಲು ಹೊರಟರೆ ಎಲ್ಲರ ಹಾಳೆಯಲ್ಲೂ ಒಂದೇ ವಾಕ್ಯ.

ಪಾಠದ ನಡುವೆ ಮೇಲ್ವಿಚಾರಕರು ಬಾಯಿ ಹಾಕಬಾರದು. ವಿಷಯವೇ ತಪ್ಪಿದ್ದರೆ ಒಂದು ಚೀಟಿ ಸಾಕು. ಗಂಟೆ ಹೊಡೆಯುವ ಮೊದಲು ಪ್ರಶಿಕ್ಷಣಾರ್ಥಿಯೇ ಅದನ್ನು ತಿದ್ದಿ ಹೇಳಬೇಕು, ಏಕೆಂದರೆ ತಪ್ಪನ್ನು ಮನೆಗೆ ಒಯ್ಯುವವರು ಮಕ್ಕಳು.

ಮೋಸ ಹೋಗುವ ಒಂದು ಜಾಗವನ್ನೂ ಹೇಳಬೇಕು. ಚಾರ್ಟು ಸಿದ್ಧವಿದೆ ಎಂದು ಹಿಂದೆ ಮುಗಿದ ಪಾಠವನ್ನೇ ಮತ್ತೆ ಕೊಡುವುದು, ಇಲ್ಲವೇ ಹಿಂದಿನ ದಿನ ತಾಲೀಮು ಮಾಡಿಸಿಟ್ಟಿರುವುದು. ಪೀಠಿಕೆ ಮುಗಿಯುವ ಮೊದಲೇ ತರಗತಿ ತುಂಬ ಕೈಗಳು ಎದ್ದರೆ ಮಕ್ಕಳ ನೋಟ್‌ಬುಕ್ಕಿನ ಹಿಂದಿನ ಪುಟ ತಿರುವಿದರೆ ಗೊತ್ತಾಗುತ್ತದೆ. ಇದಕ್ಕೆ ಪ್ರಶಿಕ್ಷಣಾರ್ಥಿಯನ್ನಷ್ಟೇ ದೂರುವುದು ಅನ್ಯಾಯ. ತಿದ್ದುವ ಮೇಲ್ವಿಚಾರಕರೇ ಅಂಕವನ್ನೂ ಹಾಕುವಾಗ ಪ್ರಶಿಕ್ಷಣಾರ್ಥಿಗಳು ಪ್ರದರ್ಶನಕ್ಕೆ ಇಳಿಯುತ್ತಾರೆ. ಮೊದಲ ಕೆಲವು ಪಾಠಗಳಿಗೆ ಅಂಕವೇ ಇಲ್ಲವೆಂದು ಮುಂಚೆಯೇ ಹೇಳಿದರೆ ಈ ಒತ್ತಡ ಸಾಕಷ್ಟು ಇಳಿಯುತ್ತದೆ.

ಚರ್ಚೆ ಅದೇ ದಿನ ಆಗಬೇಕು, ಮಾತು ಪ್ರಶಿಕ್ಷಣಾರ್ಥಿಯಿಂದ ಶುರುವಾಗಬೇಕು. ಹಾಳೆಯಲ್ಲಿ ಹದಿನಾಲ್ಕು ದೋಷ ಇದ್ದರೂ ಹೊರಗೆ ಬರುವುದು ಎರಡೇ ಇರಲಿ, ಮುಂದಿನ ಪಾಠದಲ್ಲಿ ತಿದ್ದಲು ಆಗುವಂಥವು. 11.07ರ ಸಾಲನ್ನು ಓದಿ ‘1/4 ಅಂದ ಹುಡುಗ ಏನು ಯೋಚಿಸಿರಬಹುದು?’ ಎಂದು ಕೇಳಿ ಸುಮ್ಮನಾದರೆ ಉಳಿದ ದಾರಿಯನ್ನು ಪ್ರಶಿಕ್ಷಣಾರ್ಥಿಯೇ ಕಂಡುಕೊಳ್ಳುತ್ತಾರೆ. ನಾಳೆಯ ಯೋಜನೆಯ ಮೊದಲ ಸಾಲು ಅಲ್ಲೇ ಹುಟ್ಟುತ್ತದೆ: ಪ್ರತಿ ಜೋಡಿಗೆ ಒಂದೇ ಉದ್ದದ ಎರಡು ಕಾಗದದ ಪಟ್ಟಿ, ಒಂದನ್ನು ಮೂರಾಗಿ, ಇನ್ನೊಂದನ್ನು ನಾಲ್ಕಾಗಿ ಮಡಚಿ ಒಂದೊಂದು ಭಾಗವನ್ನು ಅಕ್ಕಪಕ್ಕ ಇಡುವುದು, ಉತ್ತರ ಮೊದಲು ನಡು ಸಾಲಿನಿಂದ.