ಸೂರಿನ ಕೆಳಗೆ ಸುಮ್ನೆ ನಿಂತ ಯುದ್ಧನೌಕೆ

ಹಳೆಯ ಯುದ್ಧನೌಕೆ ಅಂದ ತಕ್ಷಣ ಜನ ಕೇಳುವುದು, ಎಷ್ಟು ಕದನ ಗೆದ್ದಿತು ಅಂತ. ಮರದ ಸಂರಕ್ಷಣೆ ಮಾಡುವ ನಮ್ಮಂಥವರ ಪ್ರಶ್ನೆಗಳೇ ಬೇರೆ. ಯಾವ ಮರ? ಮೊಳೆ ಯಾವುದು? ಮಳೆ ಎಲ್ಲಿ ಸೋರಿತು? ಬ್ರಿಟಿಷ್ ನೌಕಾಪಡೆಯ ಹಳೆಯ ಹಾಯಿ ಯುದ್ಧನೌಕೆ ಎಚ್‌ಎಂಎಸ್ ಟ್ರಿಂಕೋಮಲಿಯ ಚರಿತ್ರೆಯನ್ನು ನಾನು ಓದುವುದೇ ಹೀಗೆ.

ನೆಪೋಲಿಯನ್ ಯುದ್ಧಗಳ ಕಾಲಕ್ಕೆ ಬ್ರಿಟನ್ನಿನಲ್ಲಿ ಓಕ್ ಮರಕ್ಕೆ ಬರ ಬಂದಿತ್ತು. ಹಾಗಾಗಿ ಈ ನೌಕೆ ಕಟ್ಟುವ ಕೆಲಸ ಮುಂಬಯಿಯ ಪಾರ್ಸಿ ಕುಶಲಿ ಜಮ್‌ಶೆಟ್‌ಜಿ ಬೊಮಾನ್‌ಜಿ ವಾಡಿಯಾಗೆ ಬಂತು. ನಕ್ಷೆ ತರುತ್ತಿದ್ದ ಜಾವಾ ಎಂಬ ಹಡಗನ್ನು 1812ರಲ್ಲಿ ಬ್ರೆಜಿಲ್ ಕರಾವಳಿಯಾಚೆ ಅಮೆರಿಕನ್ನರು ಸೋಲಿಸಿದರು. ಹೊಸ ನಕ್ಷೆ ಬರಬೇಕಾಯಿತು. ನೌಕೆ ನೀರಿಗಿಳಿದದ್ದು 1817ರ ಅಕ್ಟೋಬರ್ 12ಕ್ಕೆ. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು!

ಮರ ಮಾತ್ರ ಮಲಬಾರ್ ತೇಗ. ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ತಾಗಿದರೆ ಮಸಿಯಂತೆ ಕಪ್ಪಾಗುತ್ತಲ್ಲ, ಓಕ್‌ನಲ್ಲೂ ಅದೇ ಗುಣ. ಅದರ ಒಗರು ಕಬ್ಬಿಣದ ಮೊಳೆ, ಬೋಲ್ಟುಗಳನ್ನು ತಿನ್ನುತ್ತದೆ. ಮೊಳೆಯ ಸುತ್ತ ಮರ ಕಪ್ಪಾಗಿ ಮೆತ್ತಗಾಗುತ್ತದೆ, ಹಿಡಿತ ತಪ್ಪುತ್ತದೆ. ತೇಗದಲ್ಲಿ ಎಣ್ಣೆಯಂಶ ಜಾಸ್ತಿ. ಕಬ್ಬಿಣ ಉಳಿಯುತ್ತದೆ, ಅಣಬೆಯೂ ಹುಳುವೂ ಅಷ್ಟು ಸುಲಭಕ್ಕೆ ಹತ್ತಿರ ಬರುವುದಿಲ್ಲ.

ಆದರೆ ನೌಕೆ ಇವತ್ತಿಗೂ ಉಳಿದಿರುವುದು ಪೂರ್ತಿ ತೇಗದ್ದೇ ಪುಣ್ಯ ಅನ್ನುವುದು ಸರಿಯಲ್ಲ. 1819ರಲ್ಲಿ ಇಂಗ್ಲೆಂಡಿನ ಪೋರ್ಟ್ಸ್‌ಮತ್ ಬಂದರು ತಲುಪಿದ ನೌಕೆಯ ಪಟಸ್ತಂಭ ಇಳಿಸಿ, ಮೇಲೆ ಸೂರು ಹಾಕಿ, ಕಾಲು ಶತಮಾನ ಹಾಗೇ ಬಿಟ್ಟರು. ಮರದ ಹಡಗಿಗೆ ಸಮುದ್ರದ ಉಪ್ಪುನೀರಿಗಿಂತ ಮಳೆಯ ಸಿಹಿನೀರೇ ದೊಡ್ಡ ಶತ್ರು. ಡೆಕ್ಕಿನ ಸಂದಿಯಿಂದ ಒಳಗಿಳಿದು, ಗಾಳಿಯಾಡದ ಮೂಲೆಯಲ್ಲಿ ನಿಂತರೆ ಕೊಳೆತ ಶುರು. ಅನುಮಾನವಿದ್ದರೆ ಸ್ಕಾಟ್ಲೆಂಡಿನ ಡಂಡಿಯಲ್ಲಿರುವ ಇದೇ ವರ್ಗದ ಯೂನಿಕಾರ್ನ್ ಎಂಬ ನೌಕೆ ನೋಡಿ. ಅದು ಓಕ್‌ನದು, 1824ರದು. ಸೂರಿನ ಕೆಳಗೇ ಇದ್ದುದರಿಂದ ಇವತ್ತಿಗೂ ಉಳಿದಿದೆ.

1840ರ ದಶಕದಲ್ಲಿ ಟ್ರಿಂಕೋಮಲಿಗೆ ಎಚ್ಚರವಾಯಿತು. ಹಿಂಭಾಗದ ಆಕಾರ ಬದಲಿಸಿ, ಕಡಿಮೆ ಸಂಖ್ಯೆಯ ಆದರೆ ಭಾರದ 26 ತೋಪು ಕೂರಿಸಿ ಕಾರ್ವೆಟ್, ಅಂದರೆ ಸಣ್ಣ ದರ್ಜೆಯ ಯುದ್ಧನೌಕೆ, ಮಾಡಿದರು. ಇದರ ಸಮುದ್ರ ಸೇವೆ ಎಂದರೆ ಎರಡೇ ಸುತ್ತು. 1847ರಿಂದ 1850ರವರೆಗೆ ಉತ್ತರ ಅಮೆರಿಕ, ವೆಸ್ಟ್ ಇಂಡೀಸ್ ಕಡೆ. 1852ರಿಂದ 1857ರವರೆಗೆ ಪೆಸಿಫಿಕ್‌ನಲ್ಲಿ. ಗಸ್ತು, ಕಾವಲು, ಬಾವುಟ ತೋರಿಸುವುದು. ಕ್ರಿಮಿಯಾ ಯುದ್ಧದ ಹೊತ್ತಿಗೆ ಪೆಸಿಫಿಕ್‌ನಲ್ಲೇ ಇದ್ದರೂ ಹೆಸರು ಹೇಳುವಂಥ ಕದನವೇನೂ ಮಾಡಲಿಲ್ಲ. ನನಗಂತೂ ಅದು ಕೊರತೆ ಅನ್ನಿಸುವುದಿಲ್ಲ. ಗುಂಡು ಬಿದ್ದಿದ್ದರೆ ಇಷ್ಟು ಮೂಲ ಮರ ಉಳಿಯುತ್ತಿತ್ತಾ?

ಆಮೇಲೆ ಅದು ತರಬೇತಿ ಹಡಗಾಯಿತು. 1897ರಲ್ಲಿ ನೌಕಾಪಡೆ ಮಾರಿಬಿಟ್ಟಿತು. ಕೊಂಡ ವೀಟ್ಲಿ ಕಾಬ್ ಇದಕ್ಕೆ ಫೂಡ್ರಾಯಂಟ್ ಅಂತ ಹೆಸರಿಟ್ಟ. ಅದೇ ವರ್ಷ ಬ್ಲ್ಯಾಕ್‌ಪೂಲ್‌ನಲ್ಲಿ ಒಡೆದುಹೋದ ಅವನ ಇನ್ನೊಂದು ಹಡಗಿನ ಹೆಸರದು. ಆ ಹೆಸರಿನಲ್ಲೇ 1986ರವರೆಗೆ ಹುಡುಗರಿಗೆ ಹಡಗಿನ ಕೆಲಸ ಕಲಿಸಿತು. ಮರುವರ್ಷ ದುರಸ್ತಿಗೆ ಇಂಗ್ಲೆಂಡಿನ ಹಾರ್ಟಲ್‌ಪೂಲ್ ಪಟ್ಟಣಕ್ಕೆ ಬಂತು, 1992ರಲ್ಲಿ ಹಳೆಯ ಹೆಸರು ವಾಪಸ್ ಸಿಕ್ಕಿತು. ಬ್ರಿಟನ್ನಿನ ಇನ್ನೊಂದು ಹಳೆಯ ಯುದ್ಧನೌಕೆ ವಿಕ್ಟರಿ ವಯಸ್ಸಿನಲ್ಲಿ ಹಿರಿಯದೇ ಆದರೂ ನೀರಿಲ್ಲದ ಒಣ ಡಾಕ್‌ನಲ್ಲಿ ಕೂತಿದೆ. ಇದು ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲೇ ತೇಲುತ್ತಿದೆ.