ಐದು ದಿನದ ದೇಶ, ಜೋಡಿ ಸಹಿ ಬೀಳದ ಒಪ್ಪಂದ: ಸೋಮಾಲಿಲ್ಯಾಂಡ್–ಸೋಮಾಲಿಯಾ ವಿಲೀನ

1960ರ ಜೂನ್ 26ರಂದು ಆಫ್ರಿಕಾದ ಕೊಂಬಿನಲ್ಲಿ ಬ್ರಿಟಿಷರ ಕೈಯಲ್ಲಿದ್ದ ಸೋಮಾಲಿಲ್ಯಾಂಡ್ ಸ್ವತಂತ್ರವಾಯಿತು. ಜುಲೈ 1ರಂದು ಅದರ ದಕ್ಷಿಣಕ್ಕಿದ್ದ, ಇಟಲಿ ನೋಡಿಕೊಳ್ಳುತ್ತಿದ್ದ ಸೋಮಾಲಿಯಾ ಸ್ವತಂತ್ರವಾಯಿತು. ಅದೇ ದಿನ ಎರಡೂ ಸೇರಿ ಸೋಮಾಲಿ ಗಣರಾಜ್ಯವಾದವು. ಪಠ್ಯಪುಸ್ತಕಗಳು ಇಷ್ಟು ಹೇಳಿ ಮುಂದೆ ಹೋಗಿಬಿಡುತ್ತವೆ. ಆದರೆ ಆ ಐದು ದಿನಗಳಲ್ಲಿ ಯಾವ ಕಾಗದ ಎಲ್ಲಿಗೆ ಹೋಯಿತು, ಯಾವುದು ಎಲ್ಲಿ ನಿಂತಿತು ಅನ್ನುವುದನ್ನು ಒಮ್ಮೆ ನಿಧಾನವಾಗಿ ಓದಿ. ಅಂತರರಾಷ್ಟ್ರೀಯ ಕಾನೂನಿನ ಎಷ್ಟೋ ಪಾಠಗಳು ಈ ಒಂದೇ ಪ್ರಕರಣದಲ್ಲಿ ಸಿಗುತ್ತವೆ. ನನಗೆ ಇದು ಅರ್ಥವಾಗಲು ಬಹಳ ದಿನ ಬೇಕಾಯಿತು. ನಿಮಗೆ ಅಷ್ಟು ಕಷ್ಟ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲು ಒಂದು ಚಿತ್ರ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಅಕ್ಕಪಕ್ಕದ ಇಬ್ಬರು ರೈತರು ತಮ್ಮ ತೋಟಗಳನ್ನು ಒಟ್ಟು ಮಾಡೋಣ ಅಂತ ಮಾತಾಡಿಕೊಂಡರು. ಒಬ್ಬ ತನ್ನ ಕಡೆಯಿಂದ ಛಾಪಾ ಕಾಗದದ ಮೇಲೆ ಕರಾರು ಬರೆಸಿ, ಇಬ್ಬರ ಸಹಿಗೂ ಜಾಗ ಬಿಡಿಸಿದ. ಇನ್ನೊಬ್ಬ ಆ ಕಾಗದಕ್ಕೆ ಸಹಿ ಹಾಕಲೇ ಇಲ್ಲ. ತಾನೇ ಬೇರೆ ಕರಾರು ಬರೆಸಿ, "ಮೂಲ ವಿಚಾರಕ್ಕೆ ನನ್ನ ಒಪ್ಪಿಗೆ ಇದೆ" ಅಂದ. ಆದರೆ ನಡುವಿನ ಬೇಲಿಯನ್ನು ಅವತ್ತೇ ಕಿತ್ತು ಹಾಕಿದರು. ಒಂದೇ ಬೋರ್‌ವೆಲ್‌ನಿಂದ ನೀರು, ಒಂದೇ ಲೆಕ್ಕದ ಪುಸ್ತಕ. ಮೂವತ್ತು ವರ್ಷ ಕಳೆಯಿತು. ಈಗ ಜಗಳ. ತೋಟಗಳು ಒಂದಾಗಿದ್ದವೋ ಇಲ್ಲವೋ? ಬೇಲಿ ನೋಡಿ ಹೇಳುತ್ತೀರೋ, ಕಾಗದ ನೋಡಿ ಹೇಳುತ್ತೀರೋ?

ಈಗ ತಾರೀಖುಗಳಿಗೆ ಬರೋಣ. ಇಲ್ಲಿ ತಾರೀಖು ತಪ್ಪಿದರೆ ವಾದವೇ ತಪ್ಪುತ್ತದೆ.

1960ರ ಏಪ್ರಿಲ್‌ನಲ್ಲಿ ಸೋಮಾಲಿಲ್ಯಾಂಡ್‌ನ ಶಾಸನ ಸಭೆ ಸ್ವಾತಂತ್ರ್ಯ ಬೇಕು, ಸೋಮಾಲಿಯಾದ ಜೊತೆ ಸೇರಬೇಕು ಅಂತ ನಿರ್ಣಯ ಮಾಡಿತು. ಅದೇ ತಿಂಗಳು ಎರಡೂ ಕಡೆಯ ನಾಯಕರು ಸೋಮಾಲಿಯಾದ ರಾಜಧಾನಿ ಮೊಗದಿಶುವಿನಲ್ಲಿ ಕೂತು ಮಾತಾಡಿದರು. ಸೇರುವ ಆಸೆ ಉತ್ತರದವರಲ್ಲಿ, ಅಂದರೆ ಸೋಮಾಲಿಲ್ಯಾಂಡ್‌ನವರಲ್ಲಿ, ಜಾಸ್ತಿಯೇ ಇತ್ತು. ಸೋಮಾಲಿ ಧ್ವಜದ ಐದು ಮೂಲೆಯ ನಕ್ಷತ್ರವನ್ನು ನೋಡಿ: ಬ್ರಿಟಿಷ್ ಭಾಗ, ಇಟಲಿಯ ಭಾಗ, ಫ್ರೆಂಚರ ಜಿಬೂಟಿ, ಇಥಿಯೋಪಿಯಾದ ಒಗಾಡೆನ್, ಕೀನ್ಯಾದ ಉತ್ತರ ಭಾಗ, ಹೀಗೆ ಸೋಮಾಲಿ ಜನ ಇರುವ ಐದು ನೆಲಗಳಿಗೆ ಒಂದೊಂದು ಮೂಲೆ. ಹಾಗಾಗಿ "ಬಲವಂತವಾಗಿ ಸೇರಿಸಿದರು" ಅಂತ ಉತ್ತರ ಪತ್ರಿಕೆಯಲ್ಲಿ ಬರೆಯಬೇಡಿ. 1960ರಲ್ಲಿ ಬಲವಂತ ಇರಲಿಲ್ಲ. ಇದ್ದದ್ದು ಅವಸರ.

ಜೂನ್ 26. ಸೋಮಾಲಿಲ್ಯಾಂಡ್ ಸ್ವತಂತ್ರ. ಪ್ರಧಾನಿ ಮೊಹಮದ್ ಹಾಜಿ ಇಬ್ರಾಹಿಂ ಎಗಾಲ್. ಬ್ರಿಟನ್ ಅವತ್ತೇ ಈ ಹೊಸ ದೇಶದ ಜೊತೆ ಒಪ್ಪಂದಗಳಿಗೆ ಸಹಿ ಹಾಕಿತು. ಇದನ್ನು ಗುರುತು ಹಾಕಿಕೊಳ್ಳಿ. ಒಪ್ಪಂದ ಮಾಡಿಕೊಳ್ಳುವ ಶಕ್ತಿ ಇರುವುದು ದೇಶಕ್ಕೆ. ಅಂದರೆ ಐದು ದಿನದ ಮಟ್ಟಿಗಾದರೂ ಅದು ಕಾನೂನಿನ ಕಣ್ಣಲ್ಲಿ ಒಂದು ದೇಶವೇ ಆಗಿತ್ತು. "35 ದೇಶಗಳು ಮಾನ್ಯತೆ ಕೊಟ್ಟಿದ್ದವು" ಅನ್ನುವ ಮಾತು ಎಲ್ಲ ಕಡೆ ಓಡಾಡುತ್ತದೆ. ಅಭಿನಂದನೆಯ ತಂತಿ ಕಳಿಸುವುದಕ್ಕೂ ಮಾನ್ಯತೆ ಕೊಡುವುದಕ್ಕೂ ವ್ಯತ್ಯಾಸ ಇದೆ, ಅಲ್ವಾ? ಆ ಅಂಕಿಯ ಮೇಲೆ ವಾದ ಕಟ್ಟಬೇಡಿ. ಬ್ರಿಟನ್ ಜೊತೆಗಿನ ಒಪ್ಪಂದಗಳೇ ಗಟ್ಟಿ ಸಾಕ್ಷಿ.

ಜೂನ್ 27. ಸೋಮಾಲಿಲ್ಯಾಂಡ್‌ನ ರಾಜಧಾನಿ ಹರ್ಗೇಸಾದ ಶಾಸನ ಸಭೆ "ಸೋಮಾಲಿಲ್ಯಾಂಡ್ ಮತ್ತು ಸೋಮಾಲಿಯಾ ಒಕ್ಕೂಟ ಕಾನೂನು" ಪಾಸು ಮಾಡಿತು. ಎರಡೂ ದೇಶ ಸೇರಿ ಎಂದೆಂದಿಗೂ ಒಂದೇ ಗಣರಾಜ್ಯವಾಗಿ ಇರುತ್ತವೆ ಎಂಬುದು ಅದರ ಸಾರ. ಹೆಸರಿಗೆ ಇದು ಕಾನೂನು, ಆದರೆ ಬರೆದಿದ್ದು ಎರಡು ದೇಶಗಳ ನಡುವಿನ ಒಪ್ಪಂದದ ಧಾಟಿಯಲ್ಲಿ. ಎರಡೂ ಕಡೆಯ ಪ್ರತಿನಿಧಿಗಳು ಸಹಿ ಹಾಕಬೇಕಿತ್ತು. ಸೋಮಾಲಿಯಾದ ಕಡೆಯಿಂದ ಸಹಿ ಬೀಳಲೇ ಇಲ್ಲ.

ಜೂನ್ 30. ಮೊಗದಿಶುವಿನ ಶಾಸನ ಸಭೆ ಒಂದು ಬೇರೆಯದೇ ಒಕ್ಕೂಟ ಪತ್ರವನ್ನು ಕೈಗೆತ್ತಿಕೊಂಡಿತು. ಅದರ ಒಕ್ಕಣೆಗೂ ಹರ್ಗೇಸಾದ್ದಕ್ಕೂ ಸಾಕಷ್ಟು ವ್ಯತ್ಯಾಸ ಇತ್ತು. ಅದನ್ನೂ ಪೂರ್ತಿ ಪಾಸು ಮಾಡದೆ, "ತಾತ್ವಿಕವಾಗಿ" ಒಪ್ಪಿದ್ದೇವೆ ಎಂದರು. ಈ ಒಂದು ಪದದ ಕೆಳಗೆ ಗೆರೆ ಎಳೆಯಿರಿ. ತಾತ್ವಿಕ ಒಪ್ಪಿಗೆ ಅಂದರೆ ದಿಕ್ಕಿಗೆ ಒಪ್ಪಿಗೆ, ಕಾಗದದಲ್ಲಿರುವ ಮಾತುಮಾತಿಗೂ ಒಪ್ಪಿಗೆ ಅಲ್ಲ.

ಜುಲೈ 1. ಎರಡೂ ಸಭೆಗಳ ಸದಸ್ಯರು ಮೊಗದಿಶುವಿನಲ್ಲಿ ಒಟ್ಟಿಗೆ ಕೂತರು. ಉತ್ತರದವರು 33, ದಕ್ಷಿಣದವರು 90, ಒಟ್ಟು 123. ಆದನ್ ಅಬ್ದುಲ್ಲೆ ಉಸ್ಮಾನ್ ತಾತ್ಕಾಲಿಕ ಅಧ್ಯಕ್ಷರಾದರು. ಒಕ್ಕೂಟದ ಬಗ್ಗೆ ಒಂದು ಸುಗ್ರೀವಾಜ್ಞೆ ಹೊರಟಿತು. ಹೊಸ ಸಂವಿಧಾನದ ಪ್ರಕಾರ ಅದನ್ನು ಐದು ದಿನದೊಳಗೆ ಸಭೆಯ ಮುಂದೆ ಇಟ್ಟು ಕಾನೂನಾಗಿ ಮಾಡಿಸಬೇಕಿತ್ತು. ಅದೂ ಆಗಲಿಲ್ಲ.

ನೋಡಿ, ಇಲ್ಲಿಗೆ ಮೂರು ಕಾಗದ ಆಯಿತು. ಒಂದು ಉತ್ತರದ್ದು, ಒಂದು ದಕ್ಷಿಣದ್ದು, ಒಂದು ಅಧ್ಯಕ್ಷರದ್ದು. ಎರಡೂ ಕಡೆಯವರು ಒಂದೇ ಕಾಗದಕ್ಕೆ ಸಹಿ ಹಾಕಿದ್ದು ಒಂದೂ ಇಲ್ಲ. ಭಾಷೆಯ ಸಂಗತಿಯನ್ನೂ ನೆನಪಿಡಿ. ಉತ್ತರದ ಆಡಳಿತ ನಡೆಯುತ್ತಿದ್ದದ್ದು ಇಂಗ್ಲಿಷ್‌ನಲ್ಲಿ, ದಕ್ಷಿಣದ್ದು ಇಟಾಲಿಯನ್‌ನಲ್ಲಿ. ಸೋಮಾಲಿ ಭಾಷೆಗೆ ಅಧಿಕೃತ ಲಿಪಿ ಬಂದದ್ದೇ 1972ರಲ್ಲಿ. ಉತ್ತರದಲ್ಲಿ ಪೂರ್ವ ಆಫ್ರಿಕಾದ ಶಿಲ್ಲಿಂಗ್ ಚಲಾವಣೆ, ದಕ್ಷಿಣದಲ್ಲಿ ಸೊಮಾಲೊ. ಅಲ್ಲಿ ಬ್ರಿಟಿಷ್ ಮಾದರಿಯ ಕಾನೂನು, ಇಲ್ಲಿ ಇಟಲಿಯ ಮಾದರಿ. ಮನೆಯಲ್ಲಿ ಒಂದೇ ಮಾತಾಡುವ ಜನ, ತಮ್ಮ ಒಕ್ಕೂಟದ ಪತ್ರವನ್ನು ಮಾತ್ರ ಬೇರೆಯವರ ಎರಡು ಭಾಷೆಗಳಲ್ಲಿ, ಎರಡು ಕಾನೂನು ಪದ್ಧತಿಗಳಲ್ಲಿ ಬರೆಯಬೇಕಾಗಿ ಬಂತು. ಓದುವಾಗ ನನಗೆ ತುಂಬಾ ನೋವು ಕೊಟ್ಟ ಸಂಗತಿ ಇದು.

ತಪ್ಪು ತಿದ್ದಿದ್ದು, ತಿದ್ದಿದ್ದರಲ್ಲಿ ಉಳಿದ ತಪ್ಪು

ಹೀಗೆ ಬಿಟ್ಟರೆ ಆಗದು ಅಂತ ಮೊಗದಿಶುವಿನಲ್ಲೂ ಗೊತ್ತಿತ್ತು. 1961ರ ಜನವರಿ 31ರಂದು ರಾಷ್ಟ್ರೀಯ ಸಭೆ ಹೊಸ ಒಕ್ಕೂಟ ಕಾನೂನು ಪಾಸು ಮಾಡಿತು. 1960ರ ಜುಲೈ 1ರಿಂದಲೇ ಜಾರಿ ಅಂತ ಹಿಂದಿನ ತಾರೀಖಿನಿಂದ ಅನ್ವಯಿಸಿತು. ಹರ್ಗೇಸಾದ ಹಳೆಯ ಕಾನೂನನ್ನು ರದ್ದು ಮಾಡಿತು.

ಸೋಮಾಲಿಯಾದ ಪರ ಇರುವವರಿಗೆ ವಿಷಯ ಇಲ್ಲಿಗೆ ಮುಗಿಯಿತು: ಲೋಪ ಇತ್ತು, ಸರಿ ಮಾಡಿದೆವು. ನನ್ನ ಮಟ್ಟಿಗೆ ನಿಜವಾದ ಗಂಟು ಬೀಳುವುದೇ ಇಲ್ಲಿ. ಈ ಕಾನೂನು ಮಾಡಿದ ಸಭೆ ಯಾವುದು? 123 ಜನರ ರಾಷ್ಟ್ರೀಯ ಸಭೆ. ಆ ಸಭೆಗೆ ಉತ್ತರದ ಮೇಲೆ ಅಧಿಕಾರ ಬಂದದ್ದು ಎಲ್ಲಿಂದ? ಒಕ್ಕೂಟದಿಂದ. ಒಕ್ಕೂಟ ಸರಿಯಾಗಿ ಆಗಿದ್ದರೆ ಈ ಕಾನೂನಿನ ಅಗತ್ಯವೇ ಇರಲಿಲ್ಲ. ಆಗಿರದಿದ್ದರೆ ಈ ಕಾನೂನು ಮಾಡುವ ಅಧಿಕಾರ ಆ ಸಭೆಗೆ ಇರಲಿಲ್ಲ. ಕೂತ ಕೊಂಬೆಯನ್ನು ಕೂತಲ್ಲಿಂದಲೇ ಮರಕ್ಕೆ ಕಟ್ಟಿದ ಹಾಗೆ. ಇನ್ನೊಂದು ಸೂಕ್ಷ್ಮ ಇದೆ. ಹರ್ಗೇಸಾದ ಕಾನೂನನ್ನು ರದ್ದು ಮಾಡಿದರು ಅಂದರೆ, ಅದು ಅಲ್ಲಿಯವರೆಗೆ ಇತ್ತು ಅಂತ ಅವರೇ ಒಪ್ಪಿಕೊಂಡಂತಾಯಿತು. ಇಲ್ಲದ ಕಾನೂನನ್ನು ಯಾರೂ ರದ್ದು ಮಾಡುವುದಿಲ್ಲ.

ಇದಕ್ಕೆ ಎದುರು ವಾದವೂ ಗಟ್ಟಿ ಇದೆ, ಅದನ್ನೂ ಬರೆದುಕೊಳ್ಳಿ. ಆ 33 ಸದಸ್ಯರು ಹೊರಗಿನವರಲ್ಲ, ಉತ್ತರದ ಜನ 1960ರ ಫೆಬ್ರವರಿಯಲ್ಲಿ ಆರಿಸಿ ಕಳಿಸಿದವರು. ಅವರು ಸಭೆಯಲ್ಲಿ ಕೂತರು, ಮಂತ್ರಿಗಳಾದರು, ಬಜೆಟ್‌ಗೆ ಮತ ಹಾಕಿದರು. ಸೋಮಾಲಿ ಗಣರಾಜ್ಯ 1960ರ ಸೆಪ್ಟೆಂಬರ್‌ನಲ್ಲಿ ವಿಶ್ವಸಂಸ್ಥೆಗೆ ಸೇರಿದಾಗ ಹರ್ಗೇಸಾ ತಕರಾರು ಎತ್ತಲಿಲ್ಲ. ಅಂತರರಾಷ್ಟ್ರೀಯ ಕಾನೂನಿನಲ್ಲಿ ಸುಮ್ಮನಿರುವುದಕ್ಕೂ ಅರ್ಥ ಇದೆ. ವರ್ಷಗಟ್ಟಲೆ ಒಪ್ಪಿಕೊಂಡ ಹಾಗೆ ನಡೆದುಕೊಂಡು, ಆಮೇಲೆ "ನಾನು ಒಪ್ಪಿರಲಿಲ್ಲ" ಅನ್ನಲು ಬಿಡುವುದಿಲ್ಲ. ಬೇಲಿ ಕಿತ್ತ ರೈತನ ಕಥೆಯಲ್ಲಿ ಎರಡನೆಯವನ ವಕೀಲ ಇದನ್ನೇ ಹಿಡಿದು ವಾದಿಸುತ್ತಾನೆ.

ಹಾಗಾದರೆ ಉತ್ತರ ನಿಜವಾಗಿಯೂ ಸುಮ್ಮನಿತ್ತಾ? ಇರಲಿಲ್ಲ. 1961ರ ಜೂನ್ 20ರಂದು ಸಂವಿಧಾನದ ಮೇಲೆ ಜನಮತ ನಡೆಯಿತು. ಅದನ್ನು ಬರೆದದ್ದು ದಕ್ಷಿಣದಲ್ಲಿ, ಉತ್ತರದವರ ಪಾತ್ರ ತೀರ ಕಡಿಮೆ. ಉತ್ತರದ ದೊಡ್ಡ ಪಕ್ಷ ಮತದಾನವನ್ನು ಬಹಿಷ್ಕರಿಸಿತು. ಅಲ್ಲಿ ಬಿದ್ದದ್ದು ಸುಮಾರು 1 ಲಕ್ಷ ಮತ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ವಿರುದ್ಧ. ಇಡೀ ದೇಶದ ಲೆಕ್ಕದಲ್ಲಿ ಮಾತ್ರ ಸಂವಿಧಾನ ಭಾರಿ ಬಹುಮತದಿಂದ ಪಾಸಾಯಿತು. ಪ್ರಶ್ನೆ ಇಷ್ಟೇ: ಲೆಕ್ಕ ಒಟ್ಟಿಗೆ ಹಾಕಬೇಕಿತ್ತೋ, ಬೇರೆ ಬೇರೆ ಹಾಕಬೇಕಿತ್ತೋ? ಒಂದೇ ದೇಶ ಅಂತ ಮೊದಲೇ ಒಪ್ಪಿದರೆ ಒಟ್ಟಿಗೆ. ಎರಡು ದೇಶ ಸೇರುತ್ತಿವೆ ಅಂದರೆ ಬೇರೆ ಬೇರೆ. ಮತ್ತೆ ಅದೇ ಸುತ್ತಿಗೆ ಬಂದೆವು.

ಅದೇ ವರ್ಷ ಡಿಸೆಂಬರ್‌ನಲ್ಲಿ ಬ್ರಿಟನ್‌ನಲ್ಲಿ ತರಬೇತಿ ಪಡೆದಿದ್ದ ಉತ್ತರದ ಕೆಲವು ಯುವ ಸೇನಾಧಿಕಾರಿಗಳು ದಂಗೆ ಎದ್ದರು. ದಂಗೆ ಬೇಗ ಮುರಿಯಿತು. ಅವರ ವಿಚಾರಣೆ ನಡೆಸಿದವರು ಒಬ್ಬ ಬ್ರಿಟಿಷ್ ನ್ಯಾಯಾಧೀಶರು. 1963ರಲ್ಲಿ ಆರೋಪಿಗಳು ಖುಲಾಸೆಯಾದರು. ಸರಿಯಾದ ಒಕ್ಕೂಟ ಕಾನೂನೇ ಇಲ್ಲ, ಹಾಗಾಗಿ ಸೋಮಾಲಿಲ್ಯಾಂಡ್‌ನ ಮೇಲೆ ಈ ಕೋರ್ಟಿಗೆ ಅಧಿಕಾರ ಇಲ್ಲ ಎಂಬ ಕಾರಣಕ್ಕೇ ಬಿಟ್ಟರು ಅಂತ ಸೋಮಾಲಿಲ್ಯಾಂಡ್ ಪರ ವಾದಿಸುವವರು ಹೇಳುತ್ತಾರೆ. ಉತ್ತರ ಪತ್ರಿಕೆಯಲ್ಲಿ ಬರೆಯುವಾಗ ಖುಲಾಸೆಯನ್ನು ಸಂಗತಿಯಾಗಿ ಬರೆಯಿರಿ, ಕಾರಣವನ್ನು ಅವರ ವಾದವಾಗಿ ಬರೆಯಿರಿ.

ಮುಂದಿನದ್ದು ಬೇಗ ಹೇಳುತ್ತೇನೆ. 1969ರಲ್ಲಿ ಸಿಯಾದ್ ಬರ್ರೆಯ ಸೇನಾ ಆಡಳಿತ ಬಂತು. 1981ರಲ್ಲಿ ಅದರ ವಿರುದ್ಧ ಉತ್ತರದವರ ಸೋಮಾಲಿ ರಾಷ್ಟ್ರೀಯ ಚಳವಳಿ ಹುಟ್ಟಿತು. 1988ರಲ್ಲಿ ಸರ್ಕಾರದ ವಿಮಾನಗಳು ಹರ್ಗೇಸಾದ ಮೇಲೆ ಬಾಂಬು ಸುರಿದವು, ಊರು ನೆಲಸಮವಾಯಿತು. ಆ ದಿನಗಳ ಒಂದು ಮಿಗ್ ವಿಮಾನವನ್ನು ಇವತ್ತೂ ಊರ ನಡುವೆ ಕಟ್ಟೆಯ ಮೇಲೆ ಸ್ಮಾರಕವಾಗಿ ನಿಲ್ಲಿಸಿದ್ದಾರೆ. 1991ರಲ್ಲಿ ಬರ್ರೆಯ ಆಡಳಿತ ಬಿತ್ತು. ಅದೇ ವರ್ಷ ಮೇ 18ರಂದು ಬುರಾವೋ ಊರಿನಲ್ಲಿ ಸೇರಿದವರು ಸೋಮಾಲಿಲ್ಯಾಂಡ್ ಮತ್ತೆ ಸ್ವತಂತ್ರ ಅಂತ ಘೋಷಿಸಿದರು.

ಒಡೆದುಕೊಂಡದ್ದೋ, ವಾಪಸ್ ಪಡೆದದ್ದೋ?

"ಮತ್ತೆ" ಅನ್ನುವ ಪದದಲ್ಲೇ ಅವರ ಇಡೀ ವಾದ ಇದೆ. ನಾವು ಒಂದು ದೇಶದಿಂದ ತುಂಡಾಗಿ ಹೊರಬರುತ್ತಿಲ್ಲ, 1960ರ ಜೂನ್ 26ರಂದು ನಮ್ಮದಾಗಿದ್ದನ್ನು ವಾಪಸ್ ಪಡೆಯುತ್ತಿದ್ದೇವೆ ಅನ್ನುತ್ತಾರೆ. ಆಫ್ರಿಕಾದಲ್ಲಿ ಇದರಿಂದ ಬಹಳ ವ್ಯತ್ಯಾಸ ಆಗುತ್ತದೆ. 1964ರಲ್ಲಿ ಕೈರೋದಲ್ಲಿ ಆಫ್ರಿಕಾ ಏಕತಾ ಸಂಸ್ಥೆ ಒಂದು ನಿರ್ಣಯ ಮಾಡಿತ್ತು: ಸ್ವಾತಂತ್ರ್ಯ ಬಂದಾಗ ಇದ್ದ ಗಡಿಯನ್ನು ಎಲ್ಲರೂ ಗೌರವಿಸಬೇಕು. ಸರಿ, ಯಾವ ಸ್ವಾತಂತ್ರ್ಯ? ಜೂನ್ 26ರದ್ದು ಅಂದರೆ ಹರ್ಗೇಸಾ ಗೆಲ್ಲುತ್ತದೆ. ಜುಲೈ 1ರದ್ದು ಅಂದರೆ ಮೊಗದಿಶು ಗೆಲ್ಲುತ್ತದೆ. ಒಂದೇ ನಿಯಮವನ್ನು ಇಬ್ಬರೂ ತಮ್ಮ ಪರವಾಗಿ ಎತ್ತಿ ತೋರಿಸುತ್ತಾರೆ, ನಡುವೆ ಇರುವುದು ಐದೇ ದಿನ.

ಒಕ್ಕೂಟ ಸರಿಯಾಗಿಯೇ ಆಗಿತ್ತು ಅಂತ ಇಟ್ಟುಕೊಂಡರೂ ಹೊರಬರುವ ದಾರಿ ಇರಬಹುದು. ಈಜಿಪ್ಟ್ ಮತ್ತು ಸಿರಿಯಾ 1958ರಲ್ಲಿ ಸೇರಿದವು, 1961ರಲ್ಲಿ ಸಿರಿಯಾ ಹೊರಬಂದು ವಿಶ್ವಸಂಸ್ಥೆಯ ತನ್ನ ಕುರ್ಚಿಗೆ ಮರಳಿತು. 1960ರ ಜೂನ್‌ನಲ್ಲಿ ಮಾಲಿ ಒಕ್ಕೂಟದ ಭಾಗವಾಗಿ ಸ್ವತಂತ್ರವಾಗಿದ್ದ ಸೆನೆಗಲ್ ಆಗಸ್ಟ್‌ನಲ್ಲೇ ಹೊರನಡೆಯಿತು. ಆದರೆ ಸಿರಿಯಾಕ್ಕೆ ಮೊದಲೇ ವಿಶ್ವಸಂಸ್ಥೆಯಲ್ಲಿ ಕುರ್ಚಿ ಇತ್ತು. ಐದು ದಿನದ ಸೋಮಾಲಿಲ್ಯಾಂಡ್‌ಗೆ ಕುರ್ಚಿ ಕೇಳಲು ಸಮಯವೇ ಇರಲಿಲ್ಲ.

2005ರಲ್ಲಿ ಆಫ್ರಿಕಾ ಒಕ್ಕೂಟದ (ಹಳೆಯ ಏಕತಾ ಸಂಸ್ಥೆಯ ಜಾಗಕ್ಕೆ ಬಂದ ಸಂಸ್ಥೆ) ಒಂದು ನಿಯೋಗ ಸೋಮಾಲಿಲ್ಯಾಂಡ್‌ಗೆ ಹೋಗಿ ನೋಡಿ ಬಂತು. ಈ ವಿಲೀನಕ್ಕೆ ಅನುಮೋದನೆಯೇ ಸಿಕ್ಕಿರಲಿಲ್ಲ, ಆದ್ದರಿಂದ ಇದು ಆಫ್ರಿಕಾದ ಇತಿಹಾಸದಲ್ಲಿ ಬೇರೆಯೇ ರೀತಿಯ ಪ್ರಕರಣ ಅಂತ ವರದಿ ಕೊಟ್ಟಿತು. ಆದರೂ ಆಫ್ರಿಕಾ ಒಕ್ಕೂಟ ಮಾನ್ಯತೆ ಕೊಡಲಿಲ್ಲ. ವಿಶ್ವಸಂಸ್ಥೆಯ ಸದಸ್ಯ ದೇಶಗಳ ಪೈಕಿ ಮೊದಲು ಮಾನ್ಯತೆ ಘೋಷಿಸಿದ್ದು ಇಸ್ರೇಲ್, ಅದೂ 2025ರ ಡಿಸೆಂಬರ್‌ನಲ್ಲಿ. ಕಾನೂನಿನ ವಾದ ಎಷ್ಟೇ ಚೆನ್ನಾಗಿರಲಿ, ಮಾನ್ಯತೆ ಕೊಡುವ ದೇಶಗಳು ತಮ್ಮ ಲೆಕ್ಕಾಚಾರ ನೋಡಿಕೊಳ್ಳುತ್ತವೆ. ಈ ಎರಡನ್ನೂ ಬೆರೆಸಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, 1960ರ ಒಕ್ಕೂಟ "ಆಗಲೇ ಇಲ್ಲ" ಅನ್ನುವುದು ಜಾಸ್ತಿಯಾಯಿತು. ಅದು ದೋಷ ಇದ್ದ ಒಕ್ಕೂಟ. ದೋಷ ತಿದ್ದಲು ಉತ್ತರದ ಜನರನ್ನೇ ಬೇರೆಯಾಗಿ ಕೇಳಬೇಕಿತ್ತು, ಕೇಳಲಿಲ್ಲ. ಎಗಾಲ್ ಅವರ ಬದುಕನ್ನೇ ನೋಡಿ. 1960ರಲ್ಲಿ ಐದು ದಿನದ ದೇಶಕ್ಕೆ ಪ್ರಧಾನಿ. 1967ರಲ್ಲಿ ಒಂದಾದ ಸೋಮಾಲಿ ಗಣರಾಜ್ಯಕ್ಕೆ ಪ್ರಧಾನಿ. 1993ರಲ್ಲಿ ಬೇರೆಯಾದ ಸೋಮಾಲಿಲ್ಯಾಂಡ್‌ಗೆ ಅಧ್ಯಕ್ಷ. ಒಕ್ಕೂಟ ನಿಜವಾಗಿತ್ತು ಅನ್ನುವವರು 1967ನ್ನು ತೋರಿಸುತ್ತಾರೆ, ಅದು ಮುರಿಯಿತು ಅನ್ನುವವರು 1993ನ್ನು ತೋರಿಸುತ್ತಾರೆ.

ಒಂದು ಎಚ್ಚರ. 1960ರ ಗಡಿಯೊಳಗೆ ಇರುವ ಎಲ್ಲರೂ ಹರ್ಗೇಸಾದ ಪರ ಇಲ್ಲ. ಪೂರ್ವದ ಲಾಸ್ ಅನೋಡ್ ಕಡೆಯ ಜನ ಮೊಗದಿಶುವಿನ ಜೊತೆ ಇರುತ್ತೇವೆ ಅಂತ 2023ರಲ್ಲಿ ಹೋರಾಡಿದರು, ಸೋಮಾಲಿಲ್ಯಾಂಡ್ ಸೇನೆ ಆ ಊರಿನಿಂದ ಹಿಂದೆ ಸರಿಯಬೇಕಾಯಿತು. "ನಮ್ಮನ್ನು ಕೇಳಲಿಲ್ಲ" ಅನ್ನುವ ಹರ್ಗೇಸಾದ ಹಳೆಯ ದೂರನ್ನೇ ಅವರು ಈಗ ಹರ್ಗೇಸಾದ ಮೇಲೆ ಹೊರಿಸುತ್ತಾರೆ. ಈ ಸಂಗತಿ ಬಿಟ್ಟು ಬರೆದ ಉತ್ತರ ಅರ್ಧ ಉತ್ತರ.

ಇದಾದ ಮೇಲೆ ಟಾಂಗನಿಕಾ ಮತ್ತು ಜಾಂಜಿಬಾರ್ (ಇವೆರಡೂ ಸೇರಿ ಇವತ್ತಿನ ಟಾಂಜಾನಿಯಾ) ಓದಿ. 1964ರ ಏಪ್ರಿಲ್ 22ರಂದು ಟಾಂಗನಿಕಾದ ನಾಯಕ ನ್ಯೆರೆರೆ ಮತ್ತು ಜಾಂಜಿಬಾರ್‌ನ ನಾಯಕ ಕರುಮೆ ಒಂದೇ ಪತ್ರಕ್ಕೆ ಸಹಿ ಹಾಕಿದರು, 26ಕ್ಕೆ ಒಕ್ಕೂಟ ಜಾರಿಯಾಯಿತು. ಟಾಂಗನಿಕಾದ ಸಂಸತ್ತು ನಡುವೆ ಅನುಮೋದನೆ ಕೊಟ್ಟಿತು. ಜಾಂಜಿಬಾರ್‌ನ ಕ್ರಾಂತಿ ಮಂಡಳಿ ಕೊಟ್ಟಿತ್ತೇ ಅನ್ನುವುದರ ಮೇಲೆ ಇವತ್ತಿಗೂ ಜಗಳ ಇದೆ. ಸೋಮಾಲಿಲ್ಯಾಂಡ್‌ನಲ್ಲಿ ಇಲ್ಲದಿದ್ದ ಜೋಡಿ ಸಹಿ ಇಲ್ಲಿ ಇದೆ. ಹಾಗಿದ್ದೂ ಜಗಳ ಯಾಕೆ ಉಳಿಯಿತು ಅನ್ನುವ ಪ್ರಶ್ನೆ ಇಟ್ಟುಕೊಂಡು ಓದಲು ಶುರು ಮಾಡಿ.