ಬಸುರಿಯ ಕರುಳು ಯಾಕೆ ನಿಧಾನ?

ಕಾಸರಗೋಡಿನ ಬದಿಯಡ್ಕ, ಪೆರ್ಲ, ಕುಂಬಳೆ ಕಡೆ ಬಸುರಿಗೆ ಹೊಟ್ಟೆ ಕಟ್ಟಿದರೆ, ಅಂದರೆ ಮಲಬದ್ಧತೆಯಾದರೆ, ಮನೆಯ ಹಿರಿಯರು ಹೇಳುವ ಮಾತು ಗೊತ್ತಲ್ವಾ? "ಉಷ್ಣ ಆಗಿದೆ ಮಗಾ, ಚೂರು ಹರಳೆಣ್ಣೆ ಕುಡಿ." ಹೇಳುವುದು ಪ್ರೀತಿಯಿಂದಲೇ. ಆದರೂ ಆ ಎಣ್ಣೆಯ ಮಾತು ಕೇಳಿದರೆ ನನಗೆ ಗಾಬರಿ.

ಇಲ್ಲಿ ಉಷ್ಣದ್ದೇನೂ ಇಲ್ಲ. ಮುಖ್ಯ ಕಾರಣ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನು. 1929ರಲ್ಲಿ ಅಮೆರಿಕದ ಜಾರ್ಜ್ ಕಾರ್ನರ್ ಮತ್ತು ವಿಲ್ಲರ್ಡ್ ಆಲೆನ್ ಬಸುರಿ ಮೊಲಗಳ ಅಂಡಾಶಯ ತೆಗೆದರು. ಹಾಗೆ ಬಿಟ್ಟರೆ ಗರ್ಭ ನಿಲ್ಲುವುದಿಲ್ಲ. ಹಂದಿಯ ಅಂಡಾಶಯದಿಂದ ತೆಗೆದ ಸಾರ ಚುಚ್ಚಿದಾಗ ನಿಂತಿತು! ಆ ಸಾರದಲ್ಲಿದ್ದದ್ದು ಇದೇ ಹಾರ್ಮೋನು. ಹೆರಿಗೆಯ ಹೊತ್ತು ಬರುವವರೆಗೆ ಗರ್ಭಕೋಶದ ಸ್ನಾಯು ಹಿಂಡದಂತೆ ಅದು ನೋಡಿಕೊಳ್ಳುತ್ತದೆ.

ಕರುಳಿನ ಗೋಡೆಯಲ್ಲಿರುವುದೂ ಅದೇ ಜಾತಿಯ ಸ್ನಾಯು. ಹಾರ್ಮೋನು ರಕ್ತದಲ್ಲಿ ಮೈಯೆಲ್ಲ ಸುತ್ತುತ್ತದೆ, ಹಾಗಾಗಿ ಕರುಳೂ ಸಡಿಲವಾಗುತ್ತದೆ. ಊಟವನ್ನು ಮುಂದೆ ತಳ್ಳುವ ಅಲೆಗಳು ನಿಧಾನವಾಗುತ್ತವೆ. ದೊಡ್ಡ ಕರುಳು ನೀರು ಹೀರುತ್ತಲೇ ಇರುತ್ತದೆ. ಹೊತ್ತು ಜಾಸ್ತಿ ಸಿಕ್ಕಷ್ಟೂ ಜಾಸ್ತಿ ಹೀರುತ್ತದೆ, ಮಲ ಗಟ್ಟಿಯಾಗುತ್ತದೆ. ಅನ್ನನಾಳದ ಬುಡದ ಬಿಗಿಯೂ ಸಡಿಲವಾಗುವುದರಿಂದ ಎದೆಯುರಿ ಬೇರೆ.

ಹರಳೆಣ್ಣೆ ಮಾಡುವುದು ಇದರ ತದ್ವಿರುದ್ಧ ಕೆಲಸ. ಹೊಟ್ಟೆಯೊಳಗೆ ಅದು ಒಡೆದು ರಿಸಿನೋಲಿಕ್ ಆಮ್ಲ ಬರುತ್ತದೆ. ಈ ಆಮ್ಲ ಸ್ನಾಯುವಿನ ಯಾವ ಗ್ರಾಹಕಕ್ಕೆ (ಅಂದರೆ ಇಂಥ ವಸ್ತು ಬಂದು ಕೂರುವ ಜೀವಕೋಶದ ಜಾಗಕ್ಕೆ, ರಿಸೆಪ್ಟರ್) ಅಂಟಿಕೊಳ್ಳುತ್ತದೆ ಅಂತ 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ಇಲಿಗಳಲ್ಲಿ ತೋರಿಸಿದರು. ಆ ಗ್ರಾಹಕ ಕರುಳಲ್ಲೂ ಇದೆ, ಗರ್ಭಕೋಶದಲ್ಲೂ ಇದೆ. ಕರುಳನ್ನು ಎಬ್ಬಿಸಲು ಹೋದರೆ ಗರ್ಭಕೋಶವೂ ಎದ್ದೀತು. ದಯವಿಟ್ಟು ಬಸುರಿಗೆ ಕುಡಿಸಬೇಡಿ.

ಬಸಳೆ ಸಾಂಬಾರು, ಬಾಳೆದಿಂಡಿನ ಪಲ್ಯ, ಹೆಸರುಕಾಳು ಧಾರಾಳ ತಿನ್ನಲಿ. ನೀರು, ಮಜ್ಜಿಗೆ ಆಗಾಗ ಕುಡಿಯಲಿ. ಸಂಜೆ ತೋಟದಲ್ಲಿ ನಾಲ್ಕು ಹೆಜ್ಜೆ ಹಾಕಲಿ. ಸಾಲದಿದ್ದರೆ ಡಾಕ್ಟರು ಇಸಬ್‌ಗೋಲ್ ಬರೆದುಕೊಡುತ್ತಾರೆ. ಅದು ರಕ್ತಕ್ಕೆ ಸೇರುವುದಿಲ್ಲ, ನೀರು ಹಿಡಿದು ಮಲವನ್ನು ಮೆತ್ತಗೆ ಮಾಡುತ್ತದೆ ಅಷ್ಟೇ. ರಕ್ತ ಬಿದ್ದರೆ, ಹೊಟ್ಟೆ ಹಿಂಡಿದಂತೆ ನೋವು ಬಂದರೆ ಮಾತ್ರ ಕಾಯಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಇನ್ನು ಸರಕಾರ ಕೊಡುವ ಕಬ್ಬಿಣದ ಮಾತ್ರೆ. ದಿನಕ್ಕೊಂದರಂತೆ ಕನಿಷ್ಠ 180 ದಿನ, ಒಂದೊಂದರಲ್ಲಿ 60 ಮಿಲಿಗ್ರಾಂ ಕಬ್ಬಿಣ. ಮೈಗೆ ಹತ್ತದ ಕಬ್ಬಿಣ ಕರುಳಲ್ಲೇ ಉಳಿದು ಮಲವನ್ನು ಕಪ್ಪಾಗಿಸುತ್ತದೆ, ಗಟ್ಟಿಯೂ ಮಾಡುತ್ತದೆ. ಅದನ್ನು ನೋಡಿ "ಮಗುವೂ ಕಪ್ಪಾಗುತ್ತೆ" ಅಂತ ಮಾತ್ರೆ ಎಸೆಯುವವರಿದ್ದಾರೆ. ಮಗುವಿನ ಬಣ್ಣ ಅಪ್ಪ ಅಮ್ಮನಿಂದ ಬರುವಂಥದ್ದು, ಮಾತ್ರೆಯಿಂದಲ್ಲ. ರಕ್ತ ಕಮ್ಮಿಯಾದರೆ ತಾಯಿ ಮಗು ಇಬ್ಬರಿಗೂ ಅಪಾಯ. ತೊಂದರೆ ಜಾಸ್ತಿಯಾದರೆ ಆಶಾ ಕಾರ್ಯಕರ್ತೆಗೋ ಡಾಕ್ಟರಿಗೋ ಹೇಳಿ, ಮಾತ್ರೆ ಬದಲಿಸಿ ಕೊಡುತ್ತಾರೆ.